ಶಬ್ಬಾತ್‌ಗೆ ಮನೆ ಸಿದ್ಧಪಡಿಸುವುದು ಹೇಗೆ: ಗುರುವಾರ ರಾತ್ರಿಯಿಂದ ಶನಿವಾರ ರಾತ್ರಿಯವರೆಗೆ

ಶಬ್ಬಾತ್ ಯೆಹೂದಿಗಳ ವಿಶ್ರಾಂತಿಯ ದಿನ, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ. ಸಂಪ್ರದಾಯಸ್ಥರ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ, ಸ್ವಿಚ್ ಮುಟ್ಟುವುದಿಲ್ಲ. ಆದರೆ ಮೂರು ಹೊತ್ತಿನ ಊಟ ಇರಲೇಬೇಕು, ಅದರಲ್ಲಿ ಬಿಸಿ ಅಡುಗೆ ಇರಬೇಕು, ರಾತ್ರಿ ಮನೆಯಲ್ಲಿ ಬೆಳಕಿರಬೇಕು, ಕುಡಿಯಲು ಟೀ ಬೇಕು. ಶುಕ್ರವಾರ ಸೂರ್ಯ ಮುಳುಗುವುದರೊಳಗೆ ಏನೇನು ಮುಗಿದಿದೆಯೋ ಅದರ ಮೇಲೆ ಎಲ್ಲವೂ ನಿಂತಿದೆ. ‘ಶಬ್ಬಾತ್‌ನ ಹಿಂದಿನ ದಿನ ದುಡಿದವನು ಶಬ್ಬಾತ್‌ನಲ್ಲಿ ಉಣ್ಣುತ್ತಾನೆ’ ಎಂಬ, ಯೆಹೂದಿ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುದ್‌ನ ಮಾತು ಅಡುಗೆಮನೆಯ ಮಟ್ಟಿಗೆ ಅಕ್ಷರಶಃ ನಿಜ.

ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಹೋಗಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಕನ್ನಡಿಗರು ಸಾಕಷ್ಟಿದ್ದಾರೆ. ಅವರಿಗೆ ವಾರಕ್ಕೊಮ್ಮೆ ಎದುರಾಗುವ ಪ್ರಶ್ನೆಗಳನ್ನೂ, ಯೆಹೂದಿ ಗೆಳೆಯರ ಮನೆಗೆ ಅತಿಥಿಯಾಗಿ ಹೋಗುವವರಿಗೆ ಬೇಕಾದ ತಿಳಿವಳಿಕೆಯನ್ನೂ ಇಲ್ಲಿ ಸೇರಿಸಿದೆ. ಒಂದು ಎಚ್ಚರಿಕೆ ಮೊದಲೇ: ಯುರೋಪಿನ ಮೂಲದ ಅಶ್ಕೆನಾಜಿಗಳು, ಉತ್ತರ ಆಫ್ರಿಕ ಮತ್ತು ಮಧ್ಯಪ್ರಾಚ್ಯದ ಕಡೆಯ ಸೆಫಾರ್ದಿಗಳು, ನಮ್ಮ ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲರು, ಕೊಚ್ಚಿಯವರು, ಇವರೆಲ್ಲರ ಪದ್ಧತಿಗಳಲ್ಲಿ ವ್ಯತ್ಯಾಸವಿದೆ. ಇಸ್ರೇಲಿನ ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿ, ಊಟ ಮಾಡಿ, ಆಮೇಲೆ ಟಿವಿ ನೋಡುತ್ತಾರೆ. ನೀವಿರುವ ಮನೆ ಯಾವ ಬಗೆಯದು ಎಂದು ಮೊದಲ ವಾರವೇ ಕೇಳಿಕೊಳ್ಳಿ. ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಹಿಂದಿನಿಂದ ಲೆಕ್ಕ ಹಾಕಿ

ಶಬ್ಬಾತ್ ಶುರುವಿನ ದೀಪ ಹಚ್ಚುವ ಹೊತ್ತು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ಜೆರುಸಲೇಮಿನಲ್ಲಿ 40 ನಿಮಿಷ, ಹೈಫಾದಲ್ಲಿ 30 ನಿಮಿಷ ಮೊದಲು. ಜೆರುಸಲೇಮಿನಲ್ಲಿ ಆ ಹೊತ್ತಿಗೆ ಸೈರನ್ ಕೂಗುತ್ತದೆ. ಬೆಂಗಳೂರಿನಲ್ಲಿ ವರ್ಷಪೂರ್ತಿ ಸೂರ್ಯಾಸ್ತ ಒಂದು ಗಂಟೆಯಷ್ಟು ಮಾತ್ರ ಹಿಂದೆಮುಂದೆ ಆಗುವುದನ್ನು ಕಂಡವರಿಗೆ ಅಲ್ಲಿನ ಏರಿಳಿತ ದಿಗಿಲು ಹುಟ್ಟಿಸುತ್ತದೆ: ಜೆರುಸಲೇಮಿನಲ್ಲಿ ಡಿಸೆಂಬರ್ ಮೊದಲ ವಾರ ದೀಪದ ಹೊತ್ತು ಸುಮಾರು 4 ಗಂಟೆ, ಜೂನ್ ಕೊನೆಗೆ 7 ಗಂಟೆ ದಾಟಿ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿರುತ್ತಾರೆ). ಹಾಗಾಗಿ ಪ್ರತಿ ಶುಕ್ರವಾರವೂ ಆ ವಾರದ ಹೊತ್ತನ್ನು ನೋಡಿಕೊಳ್ಳಬೇಕು, ಕಳೆದ ವಾರದ್ದು ಉಪಯೋಗಕ್ಕೆ ಬಾರದು.

ಚಳಿಗಾಲದ 4 ಗಂಟೆಯನ್ನೇ ಹಿಡಿಯೋಣ. 3.30ಕ್ಕೆ ಎಲ್ಲ ಪಾತ್ರೆಗಳೂ ಬಿಸಿ ತಟ್ಟೆಯ ಮೇಲಿರಬೇಕು. ರಾತ್ರಿಯಿಡೀ ಬೇಯುವ ಹಮೀನ್ ಎಂಬ ಕಾಳು-ಮಾಂಸದ ಅಡುಗೆ 1 ಗಂಟೆಗೆ ಒಲೆಯ ಮೇಲೆ ಕುದಿಯುತ್ತಿರಬೇಕು. ಬ್ರೆಡ್ 12.30ರ ಹೊತ್ತಿಗೆ ಓವನ್ನಿಗೆ ಹೋಗಬೇಕು, ಅಂದರೆ ಹಿಟ್ಟು ನಾದುವುದು 9 ಗಂಟೆಗೆ. ಸ್ನಾನ 2.30ರೊಳಗೆ, ಶಬ್ಬಾತ್ ದಿನ ಬಿಸಿನೀರಿನ ನಲ್ಲಿ ತಿರುಗಿಸುವುದಿಲ್ಲ, ಏಕೆಂದರೆ ಬಿಸಿನೀರು ಹೊರಬಂದಷ್ಟೂ ತಣ್ಣೀರು ಬಾಯ್ಲರಿನೊಳಗೆ ಹೋಗಿ ಬೇಯುತ್ತದೆ. ಅಂಗಡಿ ಸಾಮಾನು ಗುರುವಾರವೇ ತನ್ನಿ. ಇಸ್ರೇಲಿನಲ್ಲಿ ಶುಕ್ರವಾರ ಮಧ್ಯಾಹ್ನಕ್ಕೆಲ್ಲ ಅಂಗಡಿಗಳು ಬಾಗಿಲು ಹಾಕುತ್ತವೆ, ಹೆಚ್ಚಿನ ಊರುಗಳಲ್ಲಿ ಬಸ್ಸೂ ನಿಲ್ಲುತ್ತದೆ.

ಯಾವುದು ‘ಕೆಲಸ’?

ಇದು ಅರ್ಥವಾದರೆ ಉಳಿದದ್ದನ್ನು ಊಹಿಸಬಹುದು. ಯೆಹೂದಿ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಷ್ನಾ 39 ಬಗೆಯ ಕೆಲಸಗಳನ್ನು ಪಟ್ಟಿ ಮಾಡುತ್ತದೆ: ಉಳುವುದು, ಬಿತ್ತುವುದು, ಆರಿಸುವುದು, ಬೀಸುವುದು, ಬೇಯಿಸುವುದು, ಹೊಲಿಯುವುದು, ಹರಿಯುವುದು, ಬರೆಯುವುದು, ಬೆಂಕಿ ಹಚ್ಚುವುದು, ಬೆಂಕಿ ನಂದಿಸುವುದು ಹೀಗೆ. ಮರುಭೂಮಿಯಲ್ಲಿ ದೇವಗುಡಾರ (ಆರಾಧನೆಯ ಡೇರೆ) ಕಟ್ಟಲು ಬೇಕಾಗಿದ್ದ ಕೆಲಸಗಳಿವು ಎಂಬುದು ಪರಂಪರೆಯ ವಿವರಣೆ. ಮೈ ಬೆವರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಭಾರದ ಮೇಜನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಎಳೆಯಬಹುದು, ಬಲ್ಬಿನ ಸ್ವಿಚ್ ಒತ್ತುವಂತಿಲ್ಲ.

ನಮ್ಮವರು ಎಡವುವುದು ಕಾಳು ಹಸನು ಮಾಡುವ ವಿಷಯದಲ್ಲಿ. ಅಕ್ಕಿಯಿಂದ ಕಲ್ಲು ತೆಗೆಯುವುದು, ಕಾಳಿನಿಂದ ಕೊಳಕು ಬೇರೆ ಮಾಡುವುದು ಈ 39ರಲ್ಲಿ ಒಂದು. ಆದ್ದರಿಂದ ಅಕ್ಕಿ, ಬೇಳೆ, ಸೊಪ್ಪು ಹಸನು ಮಾಡುವುದು ಶುಕ್ರವಾರವೇ ಮುಗಿಯಬೇಕು. ಹುಳ ಇರುವ ಆಹಾರ ನಿಷಿದ್ಧವಾದ್ದರಿಂದ ಈ ಕೆಲಸ ಅಲ್ಲಿ ಕಟ್ಟುನಿಟ್ಟು. ಅಕ್ಕಿಯನ್ನು ಬಿಳಿ ತಟ್ಟೆಯಲ್ಲಿ ಹರಡಿ ಬೆಳಕಿನಲ್ಲಿ ನೋಡುತ್ತಾರೆ, ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ನೀರಿನಲ್ಲಿ ನೆನೆಸಿ ತೊಳೆಯುತ್ತಾರೆ. ಶಬ್ಬಾತ್ ದಿನ ಊಟದ ತಟ್ಟೆಯಲ್ಲಿ ಬೇಡದ್ದು ಸಿಕ್ಕಿದರೆ ಬೇಕಾದದ್ದನ್ನು ಕೈಯಿಂದ ಎತ್ತಿಕೊಂಡು ತಿನ್ನುತ್ತಾರೆ, ಬೇಡದ್ದನ್ನು ಅಲ್ಲೇ ಬಿಡುತ್ತಾರೆ.

ಬೆನೆ ಇಸ್ರಾಯೇಲರು ಹಿಂದೆ ಎಣ್ಣೆ ಗಾಣದ ಕಸುಬಿನವರಾಗಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಕೊಂಕಣದಲ್ಲಿ ಅವರಿಗೆ ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂಬ ಹೆಸರೇ ಬಿತ್ತು.

ಹಲ್ಲಾ ಬ್ರೆಡ್

ಪ್ರತಿ ಊಟಕ್ಕೂ ಎರಡು ಇಡೀ ಬ್ರೆಡ್ ಬೇಕು. ಮರುಭೂಮಿಯಲ್ಲಿ ಶುಕ್ರವಾರ ಎರಡು ಪಾಲು ಮನ್ನಾ, ಅಂದರೆ ದೇವರು ಕಳಿಸಿದ ಆಹಾರ, ಸಿಕ್ಕಿತ್ತೆಂಬುದರ ನೆನಪು ಇದು. ಕೆಳಗಿನ ಅಳತೆಗೆ ಸುಮಾರು 1.7 ಕಿಲೋ ಹಿಟ್ಟಿನ ಮುದ್ದೆಯಾಗುತ್ತದೆ, ಅದರಲ್ಲಿ 425 ಗ್ರಾಂನ ನಾಲ್ಕು ಬ್ರೆಡ್. ಮೂರನೆಯ ಊಟಕ್ಕೂ ಬೇಕೆಂದರೆ 280 ಗ್ರಾಂನ ಆರು ಮಾಡಿ.

- ಮೈದಾ 1 ಕಿಲೋ (ಬ್ರೆಡ್ ಹಿಟ್ಟು ಸಿಕ್ಕಿದರೆ ಇನ್ನೂ ಒಳ್ಳೆಯದು)
- ಇನ್‌ಸ್ಟಂಟ್ ಯೀಸ್ಟ್ 10 ಗ್ರಾಂ, ಅಥವಾ ಹಸಿ ಯೀಸ್ಟ್ 25ರಿಂದ 30 ಗ್ರಾಂ
- ಸಕ್ಕರೆ 90 ಗ್ರಾಂ, ಉಪ್ಪು 18 ಗ್ರಾಂ
- ಮೊಟ್ಟೆ 2, ಮೇಲೆ ಸವರಲು ಇನ್ನೊಂದು
- ವಾಸನೆಯಿಲ್ಲದ ಎಣ್ಣೆ 90 ಮಿಲಿ
- ಉಗುರುಬೆಚ್ಚಗಿನ ನೀರು 400ರಿಂದ 430 ಮಿಲಿ

ಹಾಲು, ಬೆಣ್ಣೆ, ತುಪ್ಪ ಸೇರಿಸಬೇಡಿ. ಮೃದುವಾಗಲೆಂದು ಹಾಲು ಹಾಕಿ ನಾದುವುದು ನಮ್ಮ ಅಭ್ಯಾಸ, ಆದರೆ ಯೆಹೂದಿ ಮನೆಯಲ್ಲಿ ಹಾಲು ಸೇರಿದ ಬ್ರೆಡ್ಡೇ ನಿಷಿದ್ಧ: ಬ್ರೆಡ್ಡನ್ನು ಎಲ್ಲದರ ಜೊತೆ ತಿನ್ನುತ್ತಾರೆ, ಮರೆತು ಮಾಂಸದ ಜೊತೆ ತಿಂದರೆ ಮಾಂಸ-ಹಾಲು ಬೆರೆಸಬಾರದೆಂಬ ನಿಯಮ ಮುರಿದಂತೆ. ಒಮ್ಮೆ ಹಾಲು ಹಾಕಿ ನಾದಿದರೆ ಇಡೀ ಹಿಟ್ಟು ಬಿಸಾಡಬೇಕಾಗುತ್ತದೆ. ಮೊಟ್ಟೆಯನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು ರಕ್ತದ ಚುಕ್ಕೆ ಇದೆಯೇ ನೋಡಿ. ಇದ್ದರೆ ಆ ಮೊಟ್ಟೆ ಬೇಡ. ನೇರವಾಗಿ ಹಿಟ್ಟಿಗೇ ಒಡೆದಿರೋ, ಒಂದು ಚುಕ್ಕೆಗೆ ಒಂದು ಕಿಲೋ ಮೈದಾ ಹೋಯಿತು.

ಹಿಟ್ಟು, ಯೀಸ್ಟ್, ಸಕ್ಕರೆ ಬೆರೆಸಿ, ನೀರು, ಮೊಟ್ಟೆ, ಎಣ್ಣೆ ಸೇರಿಸಿ, ಕೊನೆಗೆ ಉಪ್ಪು ಹಾಕಿ 10 ನಿಮಿಷ ನಾದಿ. ನೀರನ್ನು ಮೊದಲು 400 ಮಿಲಿ ಮಾತ್ರ ಹಾಕಿ. ಮೈದಾ ಎಷ್ಟು ನೀರು ಕುಡಿಯುತ್ತದೆಂಬುದು ಚೀಲದಿಂದ ಚೀಲಕ್ಕೆ ಬದಲಾಗುತ್ತದೆ. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಕೈಗೆ ಸ್ವಲ್ಪ ತಾಗಿದರೂ ಅಂಟಿಕೊಂಡು ಉಳಿಯಬಾರದು. ಮುಚ್ಚಿಟ್ಟು ಎರಡರಷ್ಟಾಗುವವರೆಗೆ ಬಿಡಿ: ಚಳಿಗಾಲದಲ್ಲಿ ಒಂದೂವರೆಯಿಂದ ಎರಡು ಗಂಟೆ, ಸೆಕೆಯಲ್ಲಿ ಒಂದು ಗಂಟೆ ಸಾಕು.

ಈಗ ಹೆಚ್ಚಿನವರು ಮರೆಯುವ ಹೆಜ್ಜೆ. ಹಿಟ್ಟು ಸುಮಾರು 1.2 ಕಿಲೋ ಮೈದಾಕ್ಕಿಂತ ಹೆಚ್ಚಿದ್ದರೆ ಮನೆಯ ಯೆಹೂದಿ ಹೆಂಗಸು ನೆಲ್ಲಿಕಾಯಿ ಗಾತ್ರದ ತುಂಡು ತೆಗೆದಿಡುತ್ತಾಳೆ, ಸುಮಾರು 1.66 ಕಿಲೋ ದಾಟಿದರೆ ಅದಕ್ಕೆ ಪ್ರಾರ್ಥನೆಯನ್ನೂ ಹೇಳುತ್ತಾಳೆ. ಜೆರುಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಇದು ಪುರೋಹಿತರ ಪಾಲು. ಈಗ ಅದನ್ನು ಸುಟ್ಟುಬಿಡುತ್ತಾರೆ, ಇಲ್ಲವೇ ಎರಡು ಪದರ ಸುತ್ತಿ ಕಸಕ್ಕೆ ಹಾಕುತ್ತಾರೆ. ನಮ್ಮ ಅಳತೆ 1 ಕಿಲೋ ಆದ್ದರಿಂದ ಇದು ಅನ್ವಯಿಸುವುದಿಲ್ಲ. ಎರಡು ಪಟ್ಟು ಮಾಡಿದಿರಾದರೆ ಓವನ್ನಿಗೆ ಹಾಕುವ ಮೊದಲು ಮನೆಯವರನ್ನು ಕರೆಯಿರಿ.

ಹೆಣೆಯಲು ಒಂದು ಬ್ರೆಡ್ಡಿನ ಹಿಟ್ಟನ್ನು 140 ಗ್ರಾಂನ ಮೂರು ಭಾಗ ಮಾಡಿ, ಪ್ರತಿಯೊಂದನ್ನೂ 30ರಿಂದ 35 ಸೆಂ.ಮೀ. ಉದ್ದ ಹೊಸೆಯಿರಿ. ನಡುವೆ ದಪ್ಪ, ತುದಿಗಳಲ್ಲಿ ತೆಳು ಇರಲಿ. ಹಿಟ್ಟು ಎಳೆದಷ್ಟೂ ಹಿಂದಕ್ಕೆ ಸರಿದರೆ ಜಗ್ಗಬೇಡಿ, 5 ನಿಮಿಷ ಬಿಟ್ಟು ಮತ್ತೆ ಹೊಸೆಯಿರಿ. ಜಡೆಯನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೆಣೆದರೆ ಎರಡು ಕಡೆ ಸಮನಾಗಿ ಬರುತ್ತದೆ. ಬಿಗಿಯಾಗಿ ಹೆಣೆಯಬೇಡಿ, ಉಬ್ಬಲು ಜಾಗ ಬೇಕು. 40ರಿಂದ 50 ನಿಮಿಷ ಉಬ್ಬಲು ಬಿಟ್ಟು, ಮೊಟ್ಟೆ ಸವರಿ, ಎಳ್ಳು ಅಥವಾ ಗಸಗಸೆ ಉದುರಿಸಿ, 180 ಡಿಗ್ರಿಯಲ್ಲಿ 28ರಿಂದ 32 ನಿಮಿಷ ಬೇಯಿಸಿ. ಥರ್ಮಾಮೀಟರ್ ಇದ್ದರೆ ನಡುವಿನ ಬಿಸಿ 88ರಿಂದ 90 ಡಿಗ್ರಿ ಬರಬೇಕು.

ಹೆಣಿಗೆಯ ಸಂದುಗಳಲ್ಲಿ ಬ್ರೆಡ್ ಹರಿದರೆ ಎರಡನೆಯ ಸಲ ಉಬ್ಬಿದ್ದು ಸಾಲಲಿಲ್ಲ ಎಂದರ್ಥ. ಚಪ್ಪಟೆಯಾಗಿ ಹರಡಿಕೊಂಡರೆ ಹೆಚ್ಚಾಗಿದೆ. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗುಳಿ ನಿಧಾನವಾಗಿ ಅರ್ಧ ತುಂಬಿದರೆ ಅದೇ ಓವನ್ನಿಗೆ ಹಾಕುವ ಹೊತ್ತು. ಸಣ್ಣ ಓಟಿಜಿಯಲ್ಲಿ ಮೇಲಿನ ಕಾಯಿಲ್ ಹತ್ತಿರವಿರುವುದರಿಂದ 20 ನಿಮಿಷಕ್ಕೇ ಮೇಲ್ಭಾಗ ಕಪ್ಪಾಗುತ್ತದೆ, ಆಗ ಫಾಯಿಲ್ ಮುಚ್ಚಿ. ಸೆಫಾರ್ದಿ ಮನೆಗಾದರೆ ಸಕ್ಕರೆಯನ್ನು 30 ಗ್ರಾಂಗೆ ಇಳಿಸಿ, ಮೊಟ್ಟೆ ಬಿಟ್ಟು ಅಷ್ಟೇ ನೀರು ಸೇರಿಸಿ: ಸಿಹಿ ಎದ್ದು ಕಾಣುವ ಬ್ರೆಡ್ಡನ್ನು ಅವರು ಕೇಕಿನ ಸಾಲಿಗೆ ಸೇರಿಸುತ್ತಾರೆ, ಅದರ ಮೇಲೆ ಊಟದ ಬ್ರೆಡ್ಡಿನ ಪ್ರಾರ್ಥನೆ ಹೇಳಲಾಗುವುದಿಲ್ಲ.

ಓವನ್ ಯಾರು ಹಚ್ಚಬೇಕು?

ಯೆಹೂದಿಯಲ್ಲದವರು ಮಾಡಿದ ಅಡುಗೆಗೆ ನಿರ್ಬಂಧವಿದೆ, ಅದಕ್ಕೊಂದು ಸರಳ ಪರಿಹಾರವೂ ಇದೆ. ಅಶ್ಕೆನಾಜಿ ಮನೆಗಳಲ್ಲಿ ಯೆಹೂದಿಯೊಬ್ಬರು ಒಲೆ ಅಥವಾ ಓವನ್ ಹಚ್ಚಿಕೊಟ್ಟರೆ ಸಾಕು, ಮಿಕ್ಕದ್ದನ್ನು ನೀವು ಮಾಡಬಹುದು. ಸೆಫಾರ್ದಿ ಮನೆಗಳಲ್ಲಿ ಪಾತ್ರೆಯನ್ನೂ ಅವರೇ ಒಲೆಯ ಮೇಲಿಡಬೇಕು. ಹಾಸಿಗೆ ಹಿಡಿದ ಅಜ್ಜಿಯಾದರೆ ಗಾಲಿಕುರ್ಚಿಯಲ್ಲಿ ಅಡುಗೆಮನೆಗೆ ಕರೆತಂದು ಗುಂಡಿ ತಿರುಗಿಸಲು ಹೇಳಿ. ಆಕೆಗೂ ಅದು ಸಂತೋಷದ ಕೆಲಸ.

ದ್ರಾಕ್ಷಾರಸದ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ತೆರೆದ ಕೋಷರ್ (ಯೆಹೂದಿ ಆಹಾರ ನಿಯಮಕ್ಕೆ ಒಪ್ಪುವ) ವೈನ್ ಅಥವಾ ದ್ರಾಕ್ಷಿರಸವನ್ನು ಯೆಹೂದಿಯಲ್ಲದವರು ಸುರಿದರೆ ಅದು ಅವರ ಬಳಕೆಗೆ ಬಾರದು. ಲೇಬಲ್ಲಿನಲ್ಲಿ ‘ಮೆವುಶಾಲ್’, ಅಂದರೆ ಕಾಯಿಸಿದ್ದು ಎಂದಿದ್ದರೆ ತೊಂದರೆಯಿಲ್ಲ. ಲೇಬಲ್ ಓದಲು ಬರದಿದ್ದರೆ ಬಾಟಲಿ ಮುಟ್ಟದಿರುವುದೇ ಲೇಸು.

ಭಾರತದಲ್ಲಿ ಕೋಷರ್ ವೈನ್ ಸಿಗದ ಕಡೆ ಬೆನೆ ಇಸ್ರಾಯೇಲರು ಒಣದ್ರಾಕ್ಷಿಯ ಶರಬತ್ತನ್ನು ಬಳಸುತ್ತ ಬಂದಿದ್ದಾರೆ. 250 ಗ್ರಾಂ ಕಪ್ಪು ಒಣದ್ರಾಕ್ಷಿಯನ್ನು ತೊಳೆದು ಅರ್ಧ ಲೀಟರ್ ನೀರಿನಲ್ಲಿ ಗುರುವಾರ ರಾತ್ರಿ ನೆನೆಸಿ, ಮರುದಿನ ಚೆನ್ನಾಗಿ ಹಿಚುಕಿ ಬಟ್ಟೆಯಲ್ಲಿ ಸೋಸಿದರೆ ಆಯಿತು. ನೀರು ಹೆಚ್ಚು ಸೇರಿಸಿದರೆ ಅದು ದ್ರಾಕ್ಷಾರಸದ ಲೆಕ್ಕದಿಂದ ಹೊರಗೆ ಹೋಗುತ್ತದೆ. ಸೆಕೆಯ ದಿನಗಳಲ್ಲಿ ಫ್ರಿಜ್ಜಿನಲ್ಲೇ ನೆನೆಸಿ, ಹೊರಗಿಟ್ಟರೆ ಹುಳಿ ಬರುತ್ತದೆ.

ರಾತ್ರಿಯಿಡೀ ಬೇಯುವ ಹಮೀನ್

ಅಶ್ಕೆನಾಜಿಗಳಿಗೆ ಇದು ಚೋಲಂಟ್. ಇರಾಕಿ ಮೂಲದವರಿಗೆ ಕೋಳಿಯೊಳಗೆ ಅಕ್ಕಿ ತುಂಬಿ ಬೇಯಿಸುವ ತ್ಬೀತ್. ಎಲ್ಲದರ ಹಿಂದಿನ ಉಪಾಯ ಒಂದೇ: ಶುಕ್ರವಾರವೇ ಬೆಂದದ್ದು ಸಣ್ಣ ಬಿಸಿಯಲ್ಲಿ ಕೂತು ಶನಿವಾರ ಮಧ್ಯಾಹ್ನ ಬಿಸಿಬಿಸಿಯಾಗಿ ಸಿಗಬೇಕು.

ಆರು ಮಂದಿಗೆ 6 ಲೀಟರ್ ಪಾತ್ರೆ ತೆಗೆದುಕೊಳ್ಳಿ. 150 ಗ್ರಾಂ ಬಿಳಿ ಬೀನ್ಸ್ ಕಾಳು ಮತ್ತು 150 ಗ್ರಾಂ ಕಡಲೆಕಾಳನ್ನು ಗುರುವಾರ ರಾತ್ರಿಯೇ ನೆನೆಹಾಕಿ. ಶುಕ್ರವಾರ ನೀರು ಬದಲಿಸಿ 10 ನಿಮಿಷ ಜೋರಾಗಿ ಕುದಿಸಿ, ಆ ನೀರು ಚೆಲ್ಲಿ. ರಾಜ್ಮಾ ಬಳಸಿದರಂತೂ ಈ ಹೆಜ್ಜೆ ಬಿಡುವಂತೆಯೇ ಇಲ್ಲ. ಹಸಿ ರಾಜ್ಮಾದಲ್ಲಿರುವ ವಿಷಾಂಶ ಜೋರು ಕುದಿತಕ್ಕೆ ಮಾತ್ರ ನಾಶವಾಗುತ್ತದೆ. ಸ್ಲೋ ಕುಕ್ಕರಿನ ಕಡಿಮೆ ಬಿಸಿಗೆ ನೇರವಾಗಿ ಹಾಕಿದರೆ ವಾಂತಿ, ಭೇದಿ ಖಚಿತ.

ಎರಡು ಈರುಳ್ಳಿಯನ್ನು ಕೆಂಪಗೆ ಹುರಿದು, 750 ಗ್ರಾಂ ಕೋಷರ್ ಮಾಂಸ ಹಾಕಿ ಬಣ್ಣ ತಿರುಗುವವರೆಗೆ ಬಾಡಿಸಿ. ಕಾಳುಗಳು, 150 ಗ್ರಾಂ ಬಾರ್ಲಿ, ಇಡೀ ಆಲೂಗಡ್ಡೆ 6, ಸಿಪ್ಪೆ ಸಮೇತ ಒಂದು ಇಡೀ ಬೆಳ್ಳುಳ್ಳಿ ಗಡ್ಡೆ, ಚಿಪ್ಪು ಸಮೇತ ತೊಳೆದ ಮೊಟ್ಟೆ 6, ಕೆಂಪು ಪ್ಯಾಪ್ರಿಕಾ 2 ಟೀ ಚಮಚ, ಜೀರಿಗೆ ಪುಡಿ 1, ಕಾಳುಮೆಣಸಿನ ಪುಡಿ 1 ಹಾಕಿ. ಪ್ಯಾಪ್ರಿಕಾ ಇಲ್ಲದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಒಪ್ಪುತ್ತದೆ, ಬಣ್ಣ ಹೆಚ್ಚು, ಖಾರ ಕಡಿಮೆ. ಉಪ್ಪು ಮೊದಲು 2 ಟೀ ಚಮಚ ಮಾತ್ರ. ಕೋಷರ್ ಮಾಂಸವನ್ನು ರಕ್ತ ಹೋಗಲೆಂದು ಮೊದಲೇ ಉಪ್ಪಿನಲ್ಲಿಟ್ಟಿರುತ್ತಾರೆ. ಎಲ್ಲದರ ಮೇಲೆ 3 ಸೆಂ.ಮೀ. ನಿಲ್ಲುವಷ್ಟು ನೀರು ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿ, ಉಪ್ಪು ನೋಡಿ, ಬಿಸಿ ತಟ್ಟೆಗೆ ಸರಿಸಿ. ಮಾಂಸ ಬೇಡವೆಂದರೆ ಬಿಟ್ಟುಬಿಡಿ, ಈರುಳ್ಳಿಯನ್ನು ನಾಲ್ಕು ಮಾಡಿ, ಎಣ್ಣೆ ತುಸು ಹೆಚ್ಚಿಸಿ.

ನೀರಿನ ಅಳತೆಯನ್ನು ಈಗಲೇ ಸರಿಮಾಡಿಕೊಳ್ಳಬೇಕು. ಶಬ್ಬಾತ್ ಶುರುವಾದ ಮೇಲೆ ತಣ್ಣೀರು ಸೇರಿಸಿದರೆ ಅದು ಬೇಯಿಸಿದಂತೆ, ಸೌಟು ಆಡಿಸುವುದೂ ನಿಷಿದ್ಧ. ಬಾರ್ಲಿ ರಾತ್ರಿಯಿಡೀ ನೀರು ಕುಡಿಯುತ್ತಲೇ ಇರುತ್ತದೆ. ಬೆಳಗ್ಗೆ ತಳ ಹಿಡಿದ ವಾಸನೆ ಬರುವುದು ಬಹುತೇಕ ಬಾರ್ಲಿ ಹೆಚ್ಚಾಗಿದ್ದಕ್ಕೆ ಅಥವಾ ಮುಚ್ಚಳ ಸಡಿಲವಿದ್ದದ್ದಕ್ಕೆ. ಮುಚ್ಚಳದ ಕೆಳಗೆ ಬೇಕಿಂಗ್ ಪೇಪರ್ ಇಟ್ಟು ಬಿಗಿಯಾಗಿ ಮುಚ್ಚಿ. ಬಡಿಸುವಾಗ ಪಾತ್ರೆಯನ್ನು ಮೊದಲು ತಟ್ಟೆಯಿಂದ ಕೆಳಗಿಳಿಸಿ, ಆಮೇಲೆ ಸೌಟು ಹಾಕಿ.

ಬಿಸಿ ತಟ್ಟೆ, ನೀರಿನ ಅರ್ನ್, ಫ್ರಿಜ್ಜು

ಪ್ಲಾಟಾ ಎಂದರೆ ಗುಂಡಿಯಿಲ್ಲದ, ಬಿಸಿ ಹೆಚ್ಚುಕಡಿಮೆ ಮಾಡಲಾಗದ ವಿದ್ಯುತ್ ತಟ್ಟೆ. ಹೊಂದಿಸುವ ಗುಂಡಿ ಇಲ್ಲದಿರುವುದೇ ಅದರ ಅರ್ಹತೆ: ಮರೆತು ತಿರುಗಿಸುವ ಪ್ರಶ್ನೆಯೇ ಬರುವುದಿಲ್ಲ. ದೀಪ ಹಚ್ಚುವ ಒಂದು ಗಂಟೆ ಮೊದಲೇ ಪ್ಲಗ್ ಹಾಕಿ. ಅದರ ಮೇಲೆ ಪ್ಲಾಸ್ಟಿಕ್ ಹಿಡಿಕೆಯ ಪಾತ್ರೆ ಬೇಡ, ಪಕ್ಕದಲ್ಲಿ ಕಾಗದದ ಕರವಸ್ತ್ರ ಬೇಡ. ಶನಿವಾರ ಬೆಳಗ್ಗೆ ಫ್ರಿಜ್ಜಿನಿಂದ ತೆಗೆದ ಸಾರನ್ನು ಅದರ ಮೇಲಿಟ್ಟು ಬಿಸಿಮಾಡುವಂತಿಲ್ಲ. ಒಣ, ಪೂರ್ತಿ ಬೆಂದ ಪದಾರ್ಥದ ವಿಷಯದಲ್ಲಿ ಮನೆಯಿಂದ ಮನೆಗೆ ಪದ್ಧತಿ ಬೇರೆ.

ನೀರಿನ ಅರ್ನ್ (ನೀರನ್ನು ಬಿಸಿಯಾಗಿಯೇ ಇಡುವ ವಿದ್ಯುತ್ ಪಾತ್ರೆ) ಕೂಡ ಮೊದಲೇ ಕುದಿದಿರಬೇಕು. ಟೀ ಮಾಡುವ ಕ್ರಮ ಹೀಗೆ: ಅರ್ನ್‌ನಿಂದ ಪೂರ್ತಿ ಒಣಗಿದ ಲೋಟಕ್ಕೆ ನೀರು, ಆ ಲೋಟದಿಂದ ಇನ್ನೊಂದಕ್ಕೆ, ಅಲ್ಲಿ ಶುಕ್ರವಾರವೇ ಕುದಿಸಿಟ್ಟ ಟೀ ಡಿಕಾಕ್ಷನ್ ಮತ್ತು ಸಕ್ಕರೆ. ಹಲವರು ಮೂರನೆಯ ಲೋಟಕ್ಕೂ ಬಗ್ಗಿಸುತ್ತಾರೆ. ಲೋಟ ಬದಲಾದಂತೆ ಬೇಯಿಸುವ ಶಕ್ತಿ ತಗ್ಗುತ್ತದೆ ಎಂಬುದು ಲೆಕ್ಕ. ಮೊದಲ ಲೋಟದಲ್ಲಿ ತಣ್ಣೀರ ಹನಿ ಉಳಿದಿದ್ದರೆ ಆ ಹನಿ ಬೆಂದಂತೆ, ಅದಕ್ಕೇ ಒರೆಸಬೇಕು. ಮಾಂಸ ತಿಂದ ಮೇಲೆ ಹಾಲಿನ ಟೀ ಕೊಡಬೇಡಿ. ಆರು ಗಂಟೆ ಕಾಯುವವರು ಹೆಚ್ಚು, ಮೂರು ಗಂಟೆ ಕಾಯುವವರೂ ಇದ್ದಾರೆ.

ಇನ್ನುಳಿದ ಪಟ್ಟಿ ಚಿಕ್ಕದು, ಆದರೆ ತಪ್ಪುವುದು ಇಲ್ಲೇ. ಫ್ರಿಜ್ಜಿನ ಬಲ್ಬ್ ಬಿಚ್ಚಿ ಅಥವಾ ಬಾಗಿಲ ಗುಂಡಿಯನ್ನು ಟೇಪಿನಿಂದ ಒತ್ತಿಹಿಡಿಸಿ. ಮರೆತರೆ ಮರುದಿನ ಅವರು ಬಾಗಿಲು ತೆರೆಯುವಂತಿಲ್ಲ, ಸಲಾಡ್ ಎಲ್ಲ ಒಳಗೇ. ದೀಪ ಮತ್ತು ಏಸಿಗೆ ಟೈಮರ್ ಇಡಿ. ಶೌಚಾಲಯದ ದೀಪ 25 ಗಂಟೆಯೂ ಉರಿಯಲಿ. ಚಲನೆಗೆ ಹೊತ್ತಿಕೊಳ್ಳುವ ಸೆನ್ಸರ್ ದೀಪಗಳನ್ನು ಆಫ್ ಮಾಡಿ. ಟಾಯ್ಲೆಟ್ ಪೇಪರ್ ಹರಿಯುವಂತಿಲ್ಲವಾದ್ದರಿಂದ ಬಿಡಿ ಹಾಳೆಯ ಟಿಶ್ಯೂ ಇಡಿ. ಡಬ್ಬಿ, ಬಾಟಲಿ, ಹಾಲಿನ ಪ್ಯಾಕೆಟ್ ಎಲ್ಲ ಮೊದಲೇ ತೆರೆದಿಡಿ. ಮಾತ್ರೆಗಳನ್ನು ಹೊತ್ತಿಗೆ ತಕ್ಕಂತೆ ವಿಂಗಡಿಸಿ ಡಬ್ಬಿಗೆ ಹಾಕಿ.

ದೀಪ

ಕನಿಷ್ಠ ಎರಡು ದೀಪ. ಮಕ್ಕಳ ಲೆಕ್ಕಕ್ಕೆ ಒಂದೊಂದು ಸೇರಿಸುವ ಮನೆಗಳಿವೆ. ಮೇಣದ ಬತ್ತಿ ಅಥವಾ ಆಲಿವ್ ಎಣ್ಣೆಯ ಬತ್ತಿ, ಊಟದ ಹೊತ್ತಿಗೂ ಉರಿಯುತ್ತಿರುವಷ್ಟು ಉದ್ದದ್ದು. ಹಚ್ಚಿದ ಮೇಲೆ ಅದನ್ನು ಸರಿಸುವಂತಿಲ್ಲ, ಆದ್ದರಿಂದ ಜಾಗ ಮೊದಲೇ ನೋಡಿ: ಪರದೆಯಿಂದ ದೂರ, ಫ್ಯಾನಿನ ಗಾಳಿ ತಾಗದ ಕಡೆ, ಲೋಹದ ತಟ್ಟೆಯ ಮೇಲೆ. ಅಶ್ಕೆನಾಜಿ ಹೆಂಗಸರು ಹಚ್ಚಿ, ಕೈಗಳನ್ನು ಜ್ವಾಲೆಯ ಸುತ್ತ ಮೂರು ಸಲ ತಮ್ಮ ಕಡೆಗೆ ತಂದು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ. ಸೆಫಾರ್ದಿಗಳಲ್ಲಿ ಬಹಳ ಮಂದಿ ಪ್ರಾರ್ಥಿಸಿ ಹಚ್ಚುತ್ತಾರೆ. ಆ ಹೊತ್ತಿನಲ್ಲಿ ಮಾತಾಡಿಸಬೇಡಿ. ಸೂರ್ಯ ಮುಳುಗಿದ ಮೇಲೆ ತಡವಾಗಿ ಹಚ್ಚುವುದಕ್ಕಿಂತ ಹಚ್ಚದಿರುವುದು ಮೇಲು.

ಮನೆಯಲ್ಲಿ ಆಕ್ಸಿಜನ್ ಯಂತ್ರ ನಡೆಯುತ್ತಿದ್ದರೆ ಬೆಂಕಿ ಬೇಡವೇ ಬೇಡ. ಆಸ್ಪತ್ರೆಗಳಲ್ಲಿ ಮಾಡುವಂತೆ ವಿದ್ಯುತ್ ದೀಪ ಹಾಕಿ ಅದರ ಮೇಲೆ ಪ್ರಾರ್ಥಿಸುವ ದಾರಿಯಿದೆ. ಮನೆಯವರೊಡನೆ ಮೊದಲೇ ಮಾತಾಡಿ.

ಶುಕ್ರವಾರ ರಾತ್ರಿಯ ಮೇಜು

ಮೇಜಿನ ಮೇಲೆ ಬಿಳಿ ಹಾಸು, ಎರಡು ಹಲ್ಲಾ, ಅವುಗಳ ಮೇಲೆ ಬಟ್ಟೆ, ಉಪ್ಪು, ವೈನ್ ಬಟ್ಟಲು. ಸ್ವಾಗತದ ಹಾಡು, ಮಕ್ಕಳಿಗೆ ಆಶೀರ್ವಾದ ಆದ ಮೇಲೆ ಮನೆಯ ಹಿರಿಯರು ವೈನ್ ಬಟ್ಟಲು ಹಿಡಿದು ಕಿದ್ದುಷ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಬಟ್ಟಲು ಕನಿಷ್ಠ 86 ಮಿಲಿ ಹಿಡಿಯಬೇಕು, ಕಟ್ಟುನಿಟ್ಟಿನವರು 150 ಮಿಲಿ ಬಳಸುತ್ತಾರೆ. ಅಂಚಿನವರೆಗೆ ತುಂಬಿರಬೇಕು, ಹೇಳಿದವರು ಅರ್ಧಕ್ಕಿಂತ ಹೆಚ್ಚು ಕುಡಿಯಬೇಕು. ನಡುಗುವ ಕೈಯ ಹಿರಿಯರಿಗೆ ಚಿಕ್ಕ, ಭಾರ ತಳದ ಬಟ್ಟಲು ಹುಡುಕಿಡಿ.

ಆಮೇಲೆ ಕೈ ತೊಳೆಯುವುದು. ಎರಡು ಹಿಡಿಯ ತಂಬಿಗೆಯಿಂದ ಬಲಗೈಗೆ ಎರಡು ಅಥವಾ ಮೂರು ಸಲ, ಎಡಗೈಗೆ ಅಷ್ಟೇ, ಉಂಗುರ ತೆಗೆದು. ಇಲ್ಲಿಂದ ಬ್ರೆಡ್ ಬಾಯಿಗೆ ಬೀಳುವವರೆಗೆ ಯಾರೂ ಮಾತಾಡುವುದಿಲ್ಲ. ಅತಿಥಿಗಳು ಈ ಮೌನ ಕಂಡು ಏನೋ ತಪ್ಪಾಯಿತೆಂದು ಗಾಬರಿಯಾಗುವುದುಂಟು. ಏನೂ ಆಗಿಲ್ಲ, ಸುಮ್ಮನೆ ಕಾಯಿರಿ. ಬ್ರೆಡ್ ಕತ್ತರಿಸಿ, ಉಪ್ಪಿಗೆ ತಾಗಿಸಿ ಹಂಚುತ್ತಾರೆ, ಊಟ ಶುರು.

ಅತಿಥಿಯಾಗಿ ಹೋಗುವವರು ಹೂವನ್ನು ಶುಕ್ರವಾರ ಹಗಲಲ್ಲೇ ಮುಟ್ಟಿಸಿ, ಮನೆಯಲ್ಲಿ ಮಾಡಿದ ತಿಂಡಿ ಒಯ್ಯಬೇಡಿ, ಕರೆಗಂಟೆ ಒತ್ತದೆ ಬಾಗಿಲು ತಟ್ಟಿ, ಫೋನ್ ಚೀಲದಲ್ಲೇ ಇರಲಿ. ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಶೌಚಾಲಯದಿಂದ ಬರುವಾಗ ಅಭ್ಯಾಸಬಲದಿಂದ ದೀಪ ಆರಿಸುವುದು. ಆರಿಸಿದರೆ ಮನೆಮಂದಿಗೆಲ್ಲ ನಾಳೆ ಸಂಜೆವರೆಗೆ ಕತ್ತಲೆ. ಕೈ ತಪ್ಪಿ ಆರಿಸಿದ್ದರೆ ಗುಟ್ಟಾಗಿ ಮತ್ತೆ ಹಾಕಬೇಡಿ, ಮನೆಯವರಿಗೆ ಹೇಳಿ.

ಮನೆಯಲ್ಲೇ ಇದ್ದು ಕೆಲಸ ಮಾಡುವವರಿಗೆ

ಶಬ್ಬಾತ್‌ನ ನಿಯಮಗಳು ನಿಮ್ಮನ್ನು ಕಟ್ಟುವುದಿಲ್ಲ. ನಿಮ್ಮ ಕೋಣೆಯ ದೀಪ, ನಿಮ್ಮ ಫೋನ್ ನಿಮ್ಮದು. ಆದರೆ ಯೆಹೂದಿಯೊಬ್ಬರು ತಾವು ಮಾಡಬಾರದ್ದನ್ನು ಇನ್ನೊಬ್ಬರಿಗೆ ‘ಮಾಡು’ ಎಂದು ಹೇಳುವುದೂ ನಿಷಿದ್ಧ. ಹಾಗಾಗಿಯೇ ‘ದೀಪ ಕಣ್ಣಿಗೆ ಹೊಡೀತಿದೆ, ನಿದ್ದೆ ಬರ್ತಿಲ್ಲ’ ಎಂಬ ಸುತ್ತುಮಾತು ಕಿವಿಗೆ ಬೀಳುತ್ತದೆ. ಅದನ್ನು ಬರೀ ಗೊಣಗು ಎಂದುಕೊಂಡು ಬಿಡಬೇಡಿ. ನಿಮ್ಮ ಸ್ವಂತ ಅಗತ್ಯಕ್ಕೆ ನೀವು ಹಾಕಿದ ದೀಪದ ಬೆಳಕನ್ನು ಅವರು ಬಳಸಿಕೊಳ್ಳಬಹುದು. ಅವರಿಗಾಗಿಯೇ ಹಾಕಿದ್ದಾದರೆ ತೊಡಕು. ಯಾವ ಮಾತಿಗೆ ಏನು ಮಾಡಬೇಕೆಂದು ಶುಕ್ರವಾರ ಬೆಳಗ್ಗೆ ಮನೆಯ ಮಗನನ್ನೋ ಮಗಳನ್ನೋ ಕೇಳಿ ತಿಳಿದುಕೊಂಡಿರಿ.

ಕಾಯಿಲೆಯವರಿದ್ದರೆ ಲೆಕ್ಕವೇ ಬೇರೆ. ಪ್ರಾಣಾಪಾಯ ಇಲ್ಲದಿದ್ದರೂ ಹಾಸಿಗೆ ಹಿಡಿದವರ ಅಗತ್ಯಕ್ಕೆ ಯೆಹೂದಿಯಲ್ಲದವರನ್ನು ನೇರವಾಗಿಯೇ ಕೇಳಬಹುದು: ಹೀಟರ್ ಹಾಕು, ಗಂಜಿ ಬಿಸಿಮಾಡು, ಹಾಸಿಗೆಯ ತಲೆಭಾಗ ಎತ್ತು. ಸಕ್ಕರೆ ಕಾಯಿಲೆಯವರ ರಕ್ತ ಪರೀಕ್ಷೆ, ಇನ್ಸುಲಿನ್ ಇವನ್ನು ಮುಂದೂಡುವ ಮಾತೇ ಇಲ್ಲ. ಗಾಲಿಕುರ್ಚಿಯಲ್ಲಿ ಹೊರಗೆ ಕರೆದೊಯ್ಯುವ ಮೊದಲು ಆ ಪ್ರದೇಶದಲ್ಲಿ ಎರುವ್ ಇದೆಯೇ ಕೇಳಿ. ಊರಿನ ಸುತ್ತ ಕಂಬಗಳ ಮೇಲೆ ಎಳೆದ ತಂತಿಯ ಗಡಿ ಅದು. ಅದರೊಳಗೆ ಮಾತ್ರ ರಸ್ತೆಯಲ್ಲಿ ವಸ್ತುಗಳನ್ನು ಒಯ್ಯಬಹುದು, ಜೇಬಿನ ಬೀಗದ ಕೈ ಕೂಡ.

ಪ್ರಾಣಾಪಾಯವಿದ್ದರೆ ಶಬ್ಬಾತ್‌ನ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಎದೆನೋವು, ಬಾಯಿ ಸೊಟ್ಟಗಾಗುವುದು, ಬಿದ್ದು ತಲೆಗೆ ಪೆಟ್ಟು, ಉಸಿರಾಟದ ತೊಂದರೆ: ತಕ್ಷಣ 101ಕ್ಕೆ (ಇಸ್ರೇಲಿನ ಆಂಬ್ಯುಲೆನ್ಸ್ ಸಂಖ್ಯೆ) ಕರೆಮಾಡಿ. ಎದುರಿಗೆ ಅಜ್ಜ ‘ಶಬ್ಬಾತ್, ಫೋನ್ ಬೇಡ’ ಎಂದರೂ ಮಾಡಿ. ಯೆಹೂದಿ ಧರ್ಮಶಾಸ್ತ್ರದ ಪ್ರಕಾರವೇ ಅದು ಕರ್ತವ್ಯ, ಅನುಮಾನವಿದ್ದರೂ ಸಾಕು.

ಶನಿವಾರ, ಮತ್ತು ಹವ್ದಾಲಾ

ಬೆಳಗ್ಗಿನ ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಕಿದ್ದುಷ್, ಮತ್ತೆರಡು ಹಲ್ಲಾ, ಹಮೀನ್. ಸಂಜೆಗೆ ಮುನ್ನ ಮೂರನೆಯ ಊಟ, ಅದು ಹಗುರ: ಬ್ರೆಡ್, ಸಲಾಡ್, ಮೀನು. ಅದೇ ದಿನ ಮತ್ತೆ ಬೇಕಾದ ತಟ್ಟೆಗಳನ್ನು ತಣ್ಣೀರಿನಲ್ಲಿ ತೊಳೆಯುತ್ತಾರೆ, ಸ್ಪಂಜು ಹಿಂಡುವುದಿಲ್ಲ. ಬೇಡದವು ಸಿಂಕಿನಲ್ಲೇ ಉಳಿಯುತ್ತವೆ. ಶಬ್ಬಾತ್ ದಿನ ವಾರದ ದಿನಕ್ಕಾಗಿ ತಯಾರಿ ಮಾಡುವಂತಿಲ್ಲ.

ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಶಬ್ಬಾತ್ ಮುಗಿಯಿತು. ಇಸ್ರೇಲಿನಲ್ಲಿ ಅದು ಸೂರ್ಯಾಸ್ತದ ನಂತರ ಸುಮಾರು 35ರಿಂದ 40 ನಿಮಿಷ, ಕೆಲವರು 72 ನಿಮಿಷ ಕಾಯುತ್ತಾರೆ. ಅಲ್ಲಿಯವರೆಗೆ ಪ್ಲಾಟಾದ ಪ್ಲಗ್ ತೆಗೆಯಬೇಡಿ, ಮೇಜು ಎತ್ತಬೇಡಿ.

ಶಬ್ಬಾತ್ ಮುಗಿಸುವ ವಿಧಿಯಾದ ಹವ್ದಾಲಾಗೆ ಬೇಕಾದದ್ದು ಮೂರು. ತುಳುಕುವಷ್ಟು ತುಂಬಿದ ವೈನ್ ಬಟ್ಟಲು, ಕೆಳಗೊಂದು ತಟ್ಟೆ. ಪರಿಮಳಕ್ಕೆ ಮಸಾಲೆ: ಲವಂಗ ಎಲ್ಲ ಕಡೆ ನಡೆಯುತ್ತದೆ, ಚಕ್ಕೆಯನ್ನೂ ಸೇರಿಸಬಹುದು. ಮತ್ತು ಹಲವು ಬತ್ತಿಗಳನ್ನು ಹೆಣೆದ ಮೇಣದ ಬತ್ತಿ. ಅದು ಸಿಗದಿದ್ದರೆ ಎರಡು ಬತ್ತಿಗಳ ಜ್ವಾಲೆ ಒಂದಾಗುವಂತೆ ಸೇರಿಸಿ ಹಿಡಿದರಾಯಿತು. ಕ್ರಮ ಹೀಗೆ: ವೈನ್ ಮೇಲೆ ಪ್ರಾರ್ಥನೆ, ಮಸಾಲೆ ಮೂಸಿ ಎಲ್ಲರಿಗೂ ದಾಟಿಸುವುದು, ಬೆಂಕಿಯ ಬೆಳಕಿಗೆ ಉಗುರುಗಳನ್ನು ಹಿಡಿದು ನೋಡುವುದು, ಕೊನೆಯ ಪ್ರಾರ್ಥನೆ, ವೈನ್ ಕುಡಿಯುವುದು. ತಟ್ಟೆಗೆ ಚೆಲ್ಲಿದ ವೈನಿನಲ್ಲಿ ಬತ್ತಿ ಅದ್ದಿ ಆರಿಸುತ್ತಾರೆ. ಹೆಣೆದ ಬತ್ತಿಯ ಜ್ವಾಲೆ ದೊಡ್ಡದು, ಮೇಣ ಬೇಗ ಸುರಿಯುತ್ತದೆ; ಹಿಡಿಯುವ ಮಗುವಿನ ಕೈಗೆ ಫಾಯಿಲ್ ಸುತ್ತಿ ಕೊಡಿ.

‘ಶಾವುವಾ ತೋವ್’, ಒಳ್ಳೆಯ ವಾರವಾಗಲಿ ಎಂದು ಹೇಳಿಕೊಂಡ ಮೇಲೆ ಪ್ಲಾಟಾ ಆಫ್ ಮಾಡಿ, ಫ್ರಿಜ್ಜಿನ ಬಲ್ಬ್ ಮತ್ತೆ ಹಾಕಿ. ಹಮೀನ್ ಪಾತ್ರೆಗೆ ಬಿಸಿನೀರು, ಒಂದು ಚಮಚ ಅಡಿಗೆ ಸೋಡಾ ಹಾಕಿ ಅರ್ಧ ಗಂಟೆ ಬಿಟ್ಟರೆ ತಳ ಹಿಡಿದ ಬಾರ್ಲಿ ಉಜ್ಜದೆಯೇ ಬಿಡುತ್ತದೆ. ಉಳಿದ ಹಮೀನನ್ನು ಚಿಕ್ಕ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ. ಪ್ಲಾಟಾದಿಂದ ಇಳಿಸಿ ಮಧ್ಯಾಹ್ನದಿಂದ ಹೊರಗೇ ಕೂತದ್ದಾದರೆ ಎಸೆಯಿರಿ. ಲವಂಗದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಡಿ, ಪರಿಮಳ ಹೋದಾಗ ಬದಲಿಸಿ.